ಕಥೋಲಿಕ ಶಾಲೆಯಲ್ಲಿ ಕೊನೆಯ ಮಾತು ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಒಂದು ಅನುದಾನಿತ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಮಕ್ಕಳನ್ನು ಸೇರಿಸಲು ಬಂದ ತಂದೆ ತಾಯಿ ಫೀಸಿನ ಮಾತು ಮುಗಿದ ಮೇಲೆ ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇಲ್ಲಿ ಫಾದರ್ ಹೇಳಿದ್ದು ನಡೆಯುವುದಾ, ಸಿಸ್ಟರ್ ಹೇಳಿದ್ದಾ?" ಅದಕ್ಕೆ ನೇರ ಉತ್ತರ ಕೊಡಲು ನನಗೆ ಯಾವತ್ತೂ ಆಗಲಿಲ್ಲ. 2019ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಆರ್ಚ್‌ಬಿಷಪ್ಪರಿಗೂ ಜೆಸ್ವಿಟ್ (ಯೇಸುಸಭೆ ಎಂಬ ಸಂನ್ಯಾಸಿ ಸಭೆಯ) ಗುರುಗಳಿಗೂ ನಡೆದ ಜಗಳವನ್ನು ಓದಿದಾಗ ಆ ಉತ್ತರ ಎಲ್ಲಿ ಅಡಗಿದೆ ಎಂಬುದು ಸ್ವಲ್ಪ ಹೊಳೆಯಿತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮೂರಿಗೆ ಆಮೇಲೆ ಬರೋಣ.

ಇಂಡಿಯಾನಾಪೊಲಿಸ್‌ನಲ್ಲಿ ಆದದ್ದೇನು?

ಅಲ್ಲಿ ಬ್ರೆಬಫ್ ಎಂಬ ಜೆಸ್ವಿಟ್ ಪ್ರೌಢಶಾಲೆ ಇದೆ. ಶುರುವಾದದ್ದು 1962ರಲ್ಲಿ. ಕೆನಡಾದ ಮೂಲನಿವಾಸಿಗಳ ನಡುವೆ ಇದ್ದು 1649ರಲ್ಲಿ ಕೊಲೆಯಾದ ಫ್ರೆಂಚ್ ಜೆಸ್ವಿಟ್ ಗುರುವಿನ ಹೆಸರು ಅದಕ್ಕೆ. ಅಲ್ಲಿನ ಗಣಿತದ ಮೇಷ್ಟ್ರು ಒಬ್ಬರು 2017ರಲ್ಲಿ ಇನ್ನೊಬ್ಬ ಪುರುಷನನ್ನು ಕಾನೂನುಬದ್ಧವಾಗಿ ಮದುವೆಯಾದರು. ವಿಷಯ ಮಹಾಧರ್ಮಪ್ರಾಂತ್ಯದ, ಅಂದರೆ ಆರ್ಚ್‌ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ, ಕಚೇರಿಗೆ ತಿಳಿಯಿತು. ಅದೇ ವರ್ಷ ಅಧಿಕಾರ ವಹಿಸಿಕೊಂಡಿದ್ದ ಆರ್ಚ್‌ಬಿಷಪ್ ಚಾರ್ಲ್ಸ್ ಥಾಂಪ್ಸನ್ ಅವರ ಕಡೆಯಿಂದ ಶಾಲೆಗೆ ಸೂಚನೆ ಹೋಯಿತು: ಆ ಶಿಕ್ಷಕರ ಕರಾರನ್ನು ನವೀಕರಿಸಬೇಡಿ.

ಶಾಲೆ ಒಪ್ಪಲಿಲ್ಲ. ಸುಮಾರು ಎರಡು ವರ್ಷ ಮಾತುಕತೆ ನಡೆಯಿತು. ಕೊನೆಗೆ 2019ರ ಜೂನ್‌ನಲ್ಲಿ ಆರ್ಚ್‌ಬಿಷಪ್ ಆದೇಶ ಹೊರಡಿಸಿದರು: ಬ್ರೆಬಫ್ ಇನ್ನು ಮುಂದೆ ಕಥೋಲಿಕ ಶಾಲೆ ಅಲ್ಲ. ಕಟ್ಟಡ, ಮಕ್ಕಳು, ಗುರುಗಳು, ಶಿಲುಬೆ ಎಲ್ಲ ಇದ್ದಲ್ಲೇ ಇದ್ದವು. ಹೋದದ್ದು ಒಂದು ಪದ ಮಾತ್ರ.

ಬಿಷಪ್ಪರಿಗೆ ಹಾಗೆ ಪದ ಕಿತ್ತುಕೊಳ್ಳುವ ಅಧಿಕಾರ ಇದೆಯೇ?

ಇದೆ. 1983ರ ಧರ್ಮಸಭೆಯ ಕಾನೂನುಸಂಹಿತೆಯ 803ನೇ ನಿಯಮದ ಮೂರನೇ ಭಾಗ ಓದಿ ನೋಡಿ. ಶಾಲೆಯೊಂದು ನಿಜದಲ್ಲಿ ಕಥೋಲಿಕವೇ ಆಗಿದ್ದರೂ, ಧರ್ಮಸಭೆಯ ಅಧಿಕಾರಸ್ಥರ ಒಪ್ಪಿಗೆ ಇಲ್ಲದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ ಎನ್ನುತ್ತದೆ ಅದು. "ನಿಜದಲ್ಲಿ ಕಥೋಲಿಕವೇ ಆಗಿದ್ದರೂ" ಎಂಬ ಆ ಮಾತು ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಒಳಗಿನ ಬದುಕು ಒಂದು, ಬೋರ್ಡಿನ ಮೇಲಿನ ಅಕ್ಷರ ಇನ್ನೊಂದು ಎಂದು ಕಾನೂನೇ ಒಪ್ಪಿಕೊಂಡ ಹಾಗಾಯಿತಲ್ಲ!

ಆದರೆ ಜೆಸ್ವಿಟರ ಕೈಯಲ್ಲೂ ಒಂದು ನಿಯಮ ಇತ್ತು, 806ನೆಯದು. ತನ್ನ ಪ್ರಾಂತ್ಯದ ಎಲ್ಲ ಕಥೋಲಿಕ ಶಾಲೆಗಳ ಮೇಲೆ ಕಣ್ಣಿಡುವ, ಭೇಟಿ ಕೊಡುವ ಹಕ್ಕು ಬಿಷಪ್ಪರಿಗಿದೆ. ಸಂನ್ಯಾಸಿ ಸಭೆಗಳು ನಡೆಸುವ ಶಾಲೆಗಳೂ ಅದರಲ್ಲಿ ಸೇರಿವೆ. ಅಲ್ಲಿಗೆ ನಿಲ್ಲಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಅದೇ ನಿಯಮ, ಶಾಲೆಯ ಒಳಾಡಳಿತದಲ್ಲಿ ಆ ಸಭೆಗಳಿಗಿರುವ ಸ್ವಾಯತ್ತತೆಗೆ ಧಕ್ಕೆ ಬರಬಾರದು ಎಂದೂ ಸೇರಿಸುತ್ತದೆ. ಒಬ್ಬ ಗಣಿತ ಶಿಕ್ಷಕರ ಕರಾರು ಒಳಾಡಳಿತವೋ, ಶ್ರದ್ಧೆಯ ವಿಷಯವೋ? ಮೇಷ್ಟ್ರು ಧರ್ಮೋಪದೇಶ ಕಲಿಸುವವರಲ್ಲ, ನೇಮಕಾತಿ ನಮ್ಮದು ಎಂದರು ಜೆಸ್ವಿಟರು. ಕಥೋಲಿಕ ಶಾಲೆಯ ಪ್ರತಿ ಶಿಕ್ಷಕನೂ ಧರ್ಮಸೇವಕ, ಅವನ ಬದುಕೇ ಸಾಕ್ಷ್ಯ ಎಂದರು ಆರ್ಚ್‌ಬಿಷಪ್. ಒಂದೇ ನಿಯಮದ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದಿದ್ದರು.

ಆ ಶಿಕ್ಷಕರ ಸಂಗಾತಿಯೂ ಶಿಕ್ಷಕರೇ ಅಂತೆ, ಅವರ ಕೆಲಸ ಏನಾಯಿತು?

ನನ್ನ ಲೆಕ್ಕದಲ್ಲಿ ಇಡೀ ಕತೆಯ ಗುಟ್ಟು ಇರುವುದು ಇಲ್ಲಿಯೇ. ಅವರು ಅದೇ ಊರಿನ ಕಥೀಡ್ರಲ್ ಪ್ರೌಢಶಾಲೆಯಲ್ಲಿದ್ದರು. ಆ ಶಾಲೆಗೂ ಅದೇ ಸೂಚನೆ ಹೋಗಿತ್ತು. ಬ್ರೆಬಫ್ "ಇಲ್ಲ" ಎಂದ ಕೆಲವೇ ದಿನಗಳಲ್ಲಿ ಕಥೀಡ್ರಲ್ ತನ್ನ ಶಿಕ್ಷಕರನ್ನು ಕಳಿಸಿಬಿಟ್ಟಿತು. ಒಂದೇ ಮನೆ, ಒಂದೇ ಮದುವೆ, ಒಂದೇ ಬಿಷಪ್. ಒಬ್ಬರಿಗೆ ಕೆಲಸ ಉಳಿಯಿತು, ಇನ್ನೊಬ್ಬರಿಗೆ ಹೋಯಿತು.

ಬ್ರೆಬಫ್‌ನವರು ಧೈರ್ಯಸ್ಥರು, ಕಥೀಡ್ರಲ್‌ನವರು ಪುಕ್ಕಲರು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಕಥೀಡ್ರಲ್ ಶಾಲೆಯೇ ಬರೆದ ಪತ್ರದಲ್ಲಿ ಕಾರಣ ಬೇರೆ ಇದೆ. ಆದೇಶ ಮೀರಿದರೆ ಕಥೋಲಿಕ ಎಂಬ ಹೆಸರು ಹೋಗುತ್ತದೆ, ಶಾಲೆಯಲ್ಲಿ ಬಲಿಪೂಜೆಯಂಥ ಸಂಸ್ಕಾರಗಳು ನಿಲ್ಲುತ್ತವೆ, ಗುರುಗಳು ಬರುವುದಿಲ್ಲ. ಇವುಗಳ ಜೊತೆಗೆ, ತೆರಿಗೆ ವಿನಾಯಿತಿಯೂ ಹೋಗುತ್ತದೆ. ಅವರ ವಿನಾಯಿತಿ ನಿಂತಿದ್ದದ್ದು ಮಹಾಧರ್ಮಪ್ರಾಂತ್ಯದ ಜೊತೆಗಿನ ನಂಟಿನ ಮೇಲೆ. ಬ್ರೆಬಫ್‌ಗೆ ಆ ಕೊಡೆ ಬೇಕಿರಲಿಲ್ಲ, ಜೆಸ್ವಿಟರ ಕೊಡೆ ಬೇರೆಯೇ ಇತ್ತು. ತತ್ವದ ಮಾತು ಎರಡೂ ಕಡೆ ಪ್ರಾಮಾಣಿಕವಾಗಿಯೇ ಇದ್ದಿರಬಹುದು. ಆದರೆ ಯಾರು ಬಗ್ಗಿದರು, ಯಾರು ನಿಂತರು ಎಂದು ತೀರ್ಮಾನವಾದದ್ದು ಬೀರುವಿನಲ್ಲಿದ್ದ ಕಾಗದದಿಂದ.

ಹೆಸರು ಹೋದರೆ ಹೋಗಲಿ, ಅದರಿಂದ ಶಾಲೆಗೆ ಏನು ನಷ್ಟ?

ಹೊರಗಿನವರಿಗೆ ಹಾಗೆ ಅನಿಸುತ್ತದೆ. ಬ್ರೆಬಫ್‌ನಲ್ಲಿ ಪ್ರತಿ ವರ್ಷ ತರಗತಿಗಳು ಶುರುವಾಗುವಾಗ ಪವಿತ್ರಾತ್ಮರ ಹೆಸರಿನಲ್ಲಿ ಬಲಿಪೂಜೆ ಇರುತ್ತದೆ. ಜೆಸ್ವಿಟ್ ಶಾಲೆಗಳಲ್ಲಿ ಇದು ಬಹಳ ಹಳೆಯ ವಾಡಿಕೆ. 2019ರ ಆಗಸ್ಟ್‌ನಲ್ಲಿ ಅದಕ್ಕೆ ಆರ್ಚ್‌ಬಿಷಪ್ಪರ ಅನುಮತಿ ಸಿಗಲಿಲ್ಲ. ಮಕ್ಕಳು ಸೇರಿ ಬರೀ ಪ್ರಾರ್ಥನೆ ಮಾಡಿದರು. ಪ್ರಾರ್ಥನೆಗೂ ಪೂಜೆಗೂ ಏನು ವ್ಯತ್ಯಾಸ ಎಂದು ಕಥೋಲಿಕರಲ್ಲದವರು ಕೇಳಬಹುದು. ಊರ ಜಾತ್ರೆಯಲ್ಲಿ ಎಲ್ಲ ಇದ್ದು ತೇರು ಮಾತ್ರ ಎಳೆಯದ ಹಾಗೆ ಎಂದುಕೊಳ್ಳಿ.

ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನ ಬಡ ಹುಡುಗರ ಉಚಿತ ಶಾಲೆಗೂ 2022ರ ಜೂನ್‌ನಲ್ಲಿ ಹೀಗೆಯೇ ಆಯಿತು. ಅದೂ ಜೆಸ್ವಿಟ್ ಪರಂಪರೆಯ ಶಾಲೆ, ಹೆಸರು ನೇಟಿವಿಟಿ. ಕಪ್ಪು ಜನರ ಬದುಕಿಗೂ ಬೆಲೆಯಿದೆ ಎನ್ನುವ ಚಳವಳಿಯ ಬಾವುಟ ಮತ್ತು ಕಾಮನಬಿಲ್ಲಿನ ಬಾವುಟ, ಎರಡನ್ನೂ ಶಾಲೆ ಹಾರಿಸಿತ್ತು. ಇಳಿಸಿ ಎಂದರು ಬಿಷಪ್ ರಾಬರ್ಟ್ ಮೆಕ್‌ಮೇನಸ್. ಶಾಲೆ ಇಳಿಸಲಿಲ್ಲ. ಕಥೋಲಿಕ ಎಂಬ ಹೆಸರೂ ಹೋಯಿತು, ಆವರಣದಲ್ಲಿ ಪೂಜೆಯೂ ನಿಂತಿತು.

ರೋಮ್ ಯಾರ ಕಡೆ ನಿಂತಿತು?

ಧರ್ಮಸಭೆಯೊಳಗೆ ಅಪೀಲಿಗೆ ಒಂದು ದಾರಿ ಇದೆ. ಮೊದಲು ಆದೇಶ ಕೊಟ್ಟವರಲ್ಲೇ ಮರುಪರಿಶೀಲನೆ ಕೇಳಬೇಕು. ಅದಕ್ಕೆ ಹತ್ತು ದಿನ. ಅವರು ಒಪ್ಪದಿದ್ದರೆ ಮೇಲಿನವರ ಬಳಿ ಹೋಗಬೇಕು. ಅದಕ್ಕೆ ಹದಿನೈದು ದಿನ. ಬ್ರೆಬಫ್ ಪರವಾಗಿ ಆ ಭಾಗದ ಜೆಸ್ವಿಟರ ಮುಖ್ಯಸ್ಥರಾದ ಪ್ರಾಂತ್ಯಾಧಿಕಾರಿ ಬ್ರಯನ್ ಪಾಲ್ಸನ್ ಎರಡನ್ನೂ ಮಾಡಿದರು. ಕಥೋಲಿಕ ಶಿಕ್ಷಣದ ವ್ಯಾಟಿಕನ್ ಇಲಾಖೆ 2019ರ ಸೆಪ್ಟೆಂಬರ್‌ನಲ್ಲಿ ಆರ್ಚ್‌ಬಿಷಪ್ಪರ ಆದೇಶಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು. ಆರ್ಚ್‌ಬಿಷಪ್ ತಪ್ಪು ಎನ್ನಲಿಲ್ಲ, ಶಾಲೆ ಸರಿ ಎಂದೂ ಅನ್ನಲಿಲ್ಲ. ನಮ್ಮ ಹೈಕೋರ್ಟಿನ ಸ್ಟೇ ಹಾಗೆ.

2022ರಲ್ಲಿ ಅದೇ ಇಲಾಖೆ ಕಥೋಲಿಕ ಶಾಲೆಯ ಗುರುತಿನ ಬಗ್ಗೆ ಎಲ್ಲ ದೇಶಗಳಿಗೂ ಅನ್ವಯಿಸುವ ಒಂದು ಸೂಚನಾಪತ್ರ ಹೊರಡಿಸಿತು. ಬಿಷಪ್ಪರ ಹಕ್ಕನ್ನು ಅದರಲ್ಲಿ ಒತ್ತಿ ಹೇಳಿದ್ದಾರೆ, ಸಡಿಲಿಸಿಲ್ಲ. ಜೊತೆಗೆ, ಬೇರೆಲ್ಲ ದಾರಿ ಸೋತ ಮೇಲೆ ಮಾತ್ರ ಕೆಲಸದಿಂದ ತೆಗೆಯಬೇಕು, ಅದು ಕೊನೆಯ ಆಯ್ಕೆ ಎಂದೂ ಬರೆದಿದ್ದಾರೆ.

ಕೆಲಸ ಕಳೆದುಕೊಂಡವರು ಕೋರ್ಟಿಗೆ ಹೋಗಲಿಲ್ಲವೇ?

ಹೋದರು, ಮಹಾಧರ್ಮಪ್ರಾಂತ್ಯದ ಮೇಲೆಯೇ ದಾವೆ ಹಾಕಿದರು. ಕೆಳಗಿನ ಕೋರ್ಟು ವಜಾ ಮಾಡಿತು, ಮೇಲ್ಮನವಿಯ ಕೋರ್ಟು ಜೀವ ಕೊಟ್ಟಿತು, 2022ರ ಆಗಸ್ಟ್‌ನಲ್ಲಿ ಇಂಡಿಯಾನಾದ ಸುಪ್ರೀಂ ಕೋರ್ಟು ಮತ್ತೆ ವಜಾ ಮಾಡಿತು. ಧರ್ಮಸಭೆಯ ಒಳಗಿನ ವ್ಯವಹಾರಕ್ಕೆ ಕೋರ್ಟು ಕೈ ಹಾಕುವುದಿಲ್ಲ ಎಂಬುದು ಅಲ್ಲಿನ ವಾದ. ಇದರ ಹಿಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳ ನೆರಳಿದೆ. 2012ರ ಲುಥೆರನ್ ಶಾಲೆಯ ತೀರ್ಪು ಒಂದು. ಕ್ಯಾಲಿಫೋರ್ನಿಯಾದ ಕಥೋಲಿಕ ಶಾಲೆಗಳ ಇಬ್ಬರು ಶಿಕ್ಷಕಿಯರದ್ದು, 2020ರದ್ದು, ಇನ್ನೊಂದು. ಆ ಇಬ್ಬರಲ್ಲಿ ಒಬ್ಬರು ವಯಸ್ಸಿನ ಕಾರಣಕ್ಕೆ ತೆಗೆದರು ಎಂದು ದೂರಿದ್ದರು, ಇನ್ನೊಬ್ಬರು ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ರಜೆ ಕೇಳಿದ್ದಕ್ಕೆ ತೆಗೆದರು ಎಂದು. ಇಬ್ಬರೂ ಮಕ್ಕಳಿಗೆ ಧರ್ಮವನ್ನೂ ಕಲಿಸುತ್ತಿದ್ದರು, ಆದ್ದರಿಂದ ಉದ್ಯೋಗ ತಾರತಮ್ಯದ ಕಾನೂನು ಅವರ ನೆರವಿಗೆ ಬರುವುದಿಲ್ಲ ಎಂದು 7–2ರ ಬಹುಮತದಲ್ಲಿ ತೀರ್ಪಾಯಿತು. ಕ್ಯಾನ್ಸರ್ ಬಂದದ್ದಕ್ಕೂ ಧರ್ಮಶ್ರದ್ಧೆಗೂ ಏನು ಸಂಬಂಧ ಎಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಇಂಥ ಜಗಳಗಳು ಈಚಿನವೇ?

ಅಲ್ಲವೇ ಅಲ್ಲ. 1967ರ ಲಾಸ್ ಏಂಜಲೀಸ್‌ಗೆ ಬನ್ನಿ. ಅಲ್ಲಿನ ಇಮ್ಯಾಕ್ಯುಲೇಟ್ ಹಾರ್ಟ್ ಸಭೆಯ ಸಿಸ್ಟರುಗಳು ಆ ಮಹಾಧರ್ಮಪ್ರಾಂತ್ಯದ ಶಾಲೆಗಳಲ್ಲಿ ಕಲಿಸುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದು ಎರಡು ವರ್ಷವಾಗಿತ್ತು, ಎಲ್ಲ ಸಭೆಗಳೂ ತಮ್ಮ ಕಟ್ಟುಪಾಡುಗಳನ್ನು ಮತ್ತೆ ನೋಡಿಕೊಳ್ಳಬೇಕೆಂದು ರೋಮ್ ಹೇಳಿತ್ತು. ಇವರು ನೋಡಿಕೊಂಡರು. ಹ್ಯಾಬಿಟ್ (ಸಿಸ್ಟರುಗಳ ನಿಲುವಂಗಿ) ಹಾಕುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಪ್ರಾರ್ಥನೆಯ ವೇಳೆ ಅವರವರೇ ಗೊತ್ತು ಮಾಡಿಕೊಳ್ಳುವುದು ಎಂದರು. ಇನ್ನೂ ಒಂದು ಕೇಳಿದರು, ಅದನ್ನು ಜನ ನೆನಪಿಟ್ಟುಕೊಳ್ಳುವುದು ಕಮ್ಮಿ: ತರಬೇತಿ ಮುಗಿಯದ ಎಳೆಯ ಸಿಸ್ಟರುಗಳನ್ನು ತರಗತಿಗೆ ನೂಕಬೇಡಿ, ಒಂದೊಂದು ತರಗತಿಯಲ್ಲಿ ಮಕ್ಕಳನ್ನು ಕಿಕ್ಕಿರಿದು ತುಂಬಬೇಡಿ.

ಕಾರ್ಡಿನಲ್ ಜೇಮ್ಸ್ ಮೆಕಿಂಟೈರ್ ಒಪ್ಪಲಿಲ್ಲ. ಹಳೆಯ ಪದ್ಧತಿಗೆ ಬನ್ನಿ, ಇಲ್ಲವಾದರೆ ನನ್ನ ಶಾಲೆಗಳಲ್ಲಿ ಕಲಿಸುವಂತಿಲ್ಲ ಎಂಬ ನಿಲುವು ಅವರದು. 1970ರ ಹೊತ್ತಿಗೆ ಸುಮಾರು 300 ಸಿಸ್ಟರುಗಳು ವ್ರತದಿಂದ ಬಿಡುಗಡೆ ಪಡೆದು ಧರ್ಮಸಭೆಯ ಕಟ್ಟಿಗೆ ಸಿಗದ ತಮ್ಮದೇ ಸಮುದಾಯ ಮಾಡಿಕೊಂಡರು. ಸುದ್ದಿಯಾದದ್ದು ಹ್ಯಾಬಿಟ್. ಟೀಚರಾಗಿದ್ದ ನನ್ನ ಕಣ್ಣಿಗೆ ಬಿದ್ದದ್ದು ಕಿಕ್ಕಿರಿದ ತರಗತಿ. ಸಂಪ್ರದಾಯದ ಜಗಳ ಎಂದು ಹೊರಗೆ ಕಾಣುವುದರ ಅಡಿಯಲ್ಲಿ ಕೆಲಸದ ಹೊರೆಯ ಜಗಳ ಇರುವುದು ನಮ್ಮ ಸ್ಟಾಫ್ ರೂಮಿಗೂ ಹೊಸದೇನಲ್ಲ.

ನಮ್ಮೂರ ಶಾಲೆಗಳಲ್ಲಿ ಫಾದರ್ ದೊಡ್ಡವರೋ, ಸಿಸ್ಟರ್ ದೊಡ್ಡವರೋ?

ಶಾಲೆ ಯಾರದು ಎಂಬುದರ ಮೇಲಿದೆ. ಧರ್ಮಪ್ರಾಂತ್ಯದ ಶಾಲೆಯಾದರೆ ಸಾಮಾನ್ಯವಾಗಿ ಚರ್ಚಿನ ಧರ್ಮಗುರುಗಳೇ ಸಂಚಾಲಕರು, ಅಂದರೆ ಶಾಲೆಯ ಆಡಳಿತ ನೋಡಿಕೊಳ್ಳುವವರು. ಅವರಿಗೆ ವರ್ಗವಾದರೆ ಸಂಚಾಲಕರೂ ಬದಲಾದ ಹಾಗೆ. ಸಿಸ್ಟರುಗಳ ಅಥವಾ ಬ್ರದರುಗಳ ಸಭೆಯ ಶಾಲೆಯಾದರೆ ಸಂಚಾಲಕರೂ ಆ ಸಭೆಯವರೇ. ಮುಖ್ಯ ನಿರ್ಧಾರ ಅವರ ಪ್ರಾಂತ್ಯಾಧಿಕಾರಿಯ ಕಡೆಯಿಂದ ಬರುತ್ತದೆ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ ಜೆಸ್ವಿಟರದ್ದು ಈ ಬಗೆ. ತೊಡಕಿರುವುದು ಮೂರನೆಯ ಬಗೆಯಲ್ಲಿ. ಜಾಗ, ಆಡಳಿತ ಚರ್ಚಿನದು, ಹೆಡ್ ಮಿಸ್ಟ್ರೆಸ್ ಸಿಸ್ಟರ್, ಸಂಬಳ ಸರ್ಕಾರದ್ದು, ತಪಾಸಣೆ ಬಿಇಒ ಅವರದು.

ನಾನಿದ್ದದ್ದು ಅಂಥ ಶಾಲೆಯಲ್ಲಿ. ಒಂದು ವರ್ಷ ಮೊಂತಿ ಹಬ್ಬದ (ಮರಿಯಮ್ಮನ ಹುಟ್ಟುಹಬ್ಬದ) ನವೇನಾ, ಒಂಬತ್ತು ದಿನದ ಪ್ರಾರ್ಥನೆ, ನಡೆಯುತ್ತಿತ್ತು. ಮಕ್ಕಳು ಬೆಳಿಗ್ಗೆ ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನಿಗೆ ಹಾಕುತ್ತಿದ್ದರು. ಹಬ್ಬದ ಹಿಂದಿನ ದಿನ ಸಿಸ್ಟರ್ ಸಹಿ ಮಾಡಿದ ನೋಟಿಸು ಬಂತು: ಹೂ ಹಾಕಿದ ಮೇಲೆ ಪೂರ್ತಿ ದಿನ ತರಗತಿ. ಎರಡನೇ ಪೀರಿಯಡ್ಡಿನಲ್ಲಿ ಇನ್ನೊಂದು ನೋಟಿಸು, ಸಂಚಾಲಕರ ಸಹಿ: ಮಧ್ಯಾಹ್ನದಿಂದ ರಜೆ. ಎರಡನ್ನೂ ತರಗತಿ ತರಗತಿಗೆ ತಂದು ತೋರಿಸಿದ್ದು ಒಬ್ಬನೇ ಅಟೆಂಡರ್. ಹನ್ನೆರಡೂವರೆಗೆ ಅವನು ಗಂಟೆಯ ಕೆಳಗೆ ಸುತ್ತಿಗೆ ಹಿಡಿದು ನಿಂತಿದ್ದ. ಊಟಕ್ಕಾದರೆ ಮೂರು ಏಟು, ಮನೆಗಾದರೆ ಉದ್ದ ಗಂಟೆ. ನಾನು ಹತ್ತಿರ ಹೋದಾಗ ಕೇಳಿದ, "ಈಗ ಯಾರ ಗಂಟೆ ಹೊಡೆಯುವುದು ಟೀಚರ್?"

ಸೀನಿಯರ್ ಟೀಚರ್ ಇರುವಾಗ ಜೂನಿಯರ್ ಸಿಸ್ಟರನ್ನು ಹೆಡ್ ಮಾಡಬಹುದೇ?

ಸ್ಟಾಫ್ ರೂಮಿನಲ್ಲಿ ಅತಿ ಹೆಚ್ಚು ಹೊಗೆಯಾಡುವ ಪ್ರಶ್ನೆ ಇದೇ. ಮಾಡಬಹುದು. ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಸಂಸ್ಥೆಯ ಮುಖ್ಯಸ್ಥರನ್ನು ಆರಿಸಿಕೊಳ್ಳುವುದು ಆ ಹಕ್ಕಿನ ತಿರುಳು, ಸರ್ಕಾರದ ಅನುದಾನ ಪಡೆದ ಮಾತ್ರಕ್ಕೆ ಅದು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಕೇರಳದ ಮಲಂಕರ ಸಿರಿಯನ್ ಕಥೋಲಿಕ ಕಾಲೇಜಿನ ಪ್ರಕರಣದಲ್ಲಿ ಹೇಳಿದೆ. ಅರ್ಹತೆ ಇರಬೇಕು, ಹಿರಿತನ ಕಡ್ಡಾಯ ಅಲ್ಲ. ಕಾನೂನಿನ ಮಾತು ಅಷ್ಟು. ಮೂವತ್ತು ವರ್ಷ ದುಡಿದವರ ಮುಖ ಆ ದಿನ ಹೇಗಿರುತ್ತದೆ ಎಂಬುದನ್ನು ಯಾವ ತೀರ್ಪೂ ಬರೆಯುವುದಿಲ್ಲ.

ಹಾಗಾದರೆ ಇಂಡಿಯಾನಾಪೊಲಿಸ್‌ನ ಹಾಗೆ ಇಲ್ಲಿಯೂ ಶಿಕ್ಷಕರನ್ನು ಕಳಿಸಿಬಿಡಬಹುದೇ?

ಅಷ್ಟು ಸಲೀಸಾಗಿ ಆಗದು. ಶಿಕ್ಷಕ ಧರ್ಮಸೇವಕ, ಆದ್ದರಿಂದ ಕೋರ್ಟು ಒಳಗೆ ಬರಬಾರದು ಎಂಬ ಅಮೆರಿಕದ ಸಿದ್ಧಾಂತ ನಮ್ಮಲ್ಲಿ ಇಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಸೆಕ್ಷನ್ ಪ್ರಕಾರ ಕೆಲಸದಿಂದ ತೆಗೆಯುವ ಮೊದಲು ವಿಚಾರಣೆ ನಡೆಸಬೇಕು; ಅನ್ಯಾಯವಾಯಿತು ಎನಿಸಿದರೆ 94ನೇ ಸೆಕ್ಷನ್ ಅಡಿ ನ್ಯಾಯಮಂಡಳಿಗೆ ಅಪೀಲು ಹೋಗಬಹುದು. ಅಲ್ಪಸಂಖ್ಯಾತ ಸಂಸ್ಥೆಗಳಲ್ಲೂ ಶಿಕ್ಷಕರಿಗೆ ಇಂಥ ನ್ಯಾಯಮಂಡಳಿ ಬೇಕು ಎಂದು 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವೂ ಹೇಳಿದೆ. ನಮ್ಮ ಮಣಿಪಾಲದ ಪೈಗಳ ಪ್ರತಿಷ್ಠಾನದ ಹೆಸರಿನ ಪ್ರಕರಣವೇ ಅದು. ಇನ್ನು ಮದುವೆಯ ವಿಷಯ: 2018ರಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಎಂದಾಯಿತು, ಆದರೆ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು 2023ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹಾಗಾಗಿ ಅದೇ ರೂಪದ ಜಗಳ ಇಲ್ಲಿ ಸದ್ಯಕ್ಕೆ ಹುಟ್ಟುವುದಿಲ್ಲ.

ಸಿಸ್ಟರಿನ ಸಂಬಳ ಯಾರಿಗೆ ಹೋಗುತ್ತದೆ?

ಬಡತನದ ವ್ರತ ತೊಟ್ಟವರು, ಸಂಬಳ ಸಭೆಗೆ ಸೇರುತ್ತದೆ. ಅದಕ್ಕೇ ತೆರಿಗೆ ಕಡಿಯಬಾರದು ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರ ನವೆಂಬರ್‌ನಲ್ಲಿ ಬಿದ್ದುಹೋಯಿತು. ಯಾರ ಕೈಗೆ ಸೇರಿದರೂ ಅದು ಸಂಬಳವೇ, ಟಿಡಿಎಸ್ ಕಡಿಯಲೇಬೇಕು.

ಕಾನ್ವೆಂಟ್ ಎಂದರೆ ಕಥೋಲಿಕ ಶಾಲೆ ತಾನೇ?

ಕನ್ನಡದಲ್ಲಿ ಅಲ್ಲ. ನಮ್ಮಲ್ಲಿ ಟೈ ಕಟ್ಟಿಸಿ ಇಂಗ್ಲಿಷು ಕಲಿಸುವ ಶಾಲೆಯೆಲ್ಲ ಕಾನ್ವೆಂಟೇ, ದೇವರ ಹೆಸರಿಟ್ಟ ಕಾನ್ವೆಂಟುಗಳೂ ಬೀದಿಗೊಂದಿವೆ. ಕಾನ್ವೆಂಟ್ ಎಂದರೆ ಸಿಸ್ಟರುಗಳ ಮನೆ, ಶಾಲೆಯಲ್ಲ ಎಂದು ಯಾರಿಗೆ ಹೇಳುವುದು? ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಕಥೋಲಿಕದ್ದಲ್ಲ, ಆಂಗ್ಲಿಕನ್ ಪರಂಪರೆಯದ್ದು. 2022ರಲ್ಲಿ ಬೈಬಲ್ ವಿಷಯಕ್ಕೆ ಸುದ್ದಿಯಾದ ಕ್ಲಾರೆನ್ಸ್ ಶಾಲೆಯೂ ಕಥೋಲಿಕದ್ದಲ್ಲ. ಕಥೋಲಿಕ ಎಂಬ ಪದಕ್ಕೆ ಕಾವಲುಗಾರರಿದ್ದಾರೆ, ಕಾನ್ವೆಂಟ್ ಎಂಬ ಪದ ಮಾತ್ರ ಬೇಲಿ ಇಲ್ಲದ ಹೊಲ.

ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರುತ್ತಾರೆಯೇ?

ಹೇರಬೇಡಿ ಎಂದು ಬಿಷಪ್ಪರೇ ಬರೆದು ಕೊಟ್ಟಿದ್ದಾರೆ. ಭಾರತದ ಕಥೋಲಿಕ ಬಿಷಪ್ಪರ ಮಂಡಳಿ 2024ರಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿತು. ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಎಲ್ಲ ಧರ್ಮದವರಿಗೂ ಸಲ್ಲುವ ಪ್ರಾರ್ಥನಾ ಕೋಣೆ ಮಾಡಿ, ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಸಂಪ್ರದಾಯ ಹೊರಿಸಬೇಡಿ ಎಂದಿದೆ ಅದು. ಹೊರಗಿನ ಒತ್ತಡ ಹೆಚ್ಚಿದ ಕಾಲದಲ್ಲಿ ಬಂದ ಮಾತು ಎನ್ನುವುದನ್ನೂ ಮರೆಯಬಾರದು. ಇದರಿಂದ ಒಳಗೇ ಹೊಸ ತಕರಾರು: "ನಮ್ಮದೇ ಶಾಲೆಯಲ್ಲಿ ನಮ್ಮ ಪ್ರಾರ್ಥನೆ ತಗ್ಗಿಸಬೇಕೇ?" ಎಂದು ಕೇಳುವ ಹಿರಿಯ ಕಥೋಲಿಕರು ನನಗೆ ಗೊತ್ತು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಶಾಲೆ ಚರ್ಚಲ್ಲ. ತರಗತಿಯಲ್ಲಿ ಕೂತ ಮಕ್ಕಳ ಹಾಜರಿ ಪಟ್ಟಿ ಒಮ್ಮೆ ಓದಿದರೆ ಸಾಕು, ಮಾರ್ಗಸೂಚಿ ಬೇಕಾಗುವುದಿಲ್ಲ.

ಶಾಲೆ ನಿಜವಾಗಿ ಯಾರದು ಎಂದು ಪೋಷಕರು ತಿಳಿಯುವುದು ಹೇಗೆ?

ಬೋರ್ಡಿನ ದೊಡ್ಡ ಅಕ್ಷರ ಬಿಡಿ, ಫೀಸಿನ ರಸೀದಿಯ ತಲೆಯಲ್ಲಿ ಸಣ್ಣಕ್ಷರದಲ್ಲಿ ಇರುವ ಸಂಸ್ಥೆಯ ಹೆಸರು ನೋಡಿ. ಶಿಕ್ಷಣ ಮಂಡಳಿಯೋ, ಟ್ರಸ್ಟೋ, ಸಿಸ್ಟರುಗಳ ಸೊಸೈಟಿಯೋ ಎಂದು ಅಲ್ಲಿರುತ್ತದೆ. ನೀವು ದೂರು ಬರೆಯಬೇಕಾದದ್ದು ಅವರಿಗೆ. ಅನುದಾನಿತ ಶಾಲೆಯಾದರೆ ಒಂದು ಪ್ರತಿ ಬಿಇಒ ಕಚೇರಿಗೂ ಹೋಗಲಿ.

ಆ ಗಂಟೆಯ ಕತೆ ಏನಾಯಿತು?

ನನಗೂ ಉತ್ತರ ಹೊಳೆಯಲಿಲ್ಲ. "ಮೂರು ಏಟು ಹೊಡಿ, ಊಟ ಹೇಗೂ ಮಾಡಬೇಕಲ್ಲ" ಎಂದೆ. ಹೊಡೆದ. ಮಕ್ಕಳು ಉಂಡು ತಟ್ಟೆ ತೊಳೆದರು, ಬ್ಯಾಗು ಹೆಗಲಿಗೇರಿಸಿ ಗೇಟಿನ ಕಡೆ ನಡೆದರು. ಯಾರೂ ತಡೆಯಲಿಲ್ಲ. ಎರಡು ಗಂಟೆಗೆ ಸಿಸ್ಟರ್ ಕಾರಿಡಾರಿಗೆ ಬಂದು ಖಾಲಿ ತರಗತಿಗಳನ್ನು ಒಮ್ಮೆ ನೋಡಿ, ಬುಟ್ಟಿಗಳಲ್ಲಿ ಉಳಿದ ಹೂಗಳಿಗೆ ನೀರು ಚಿಮುಕಿಸಲು ಅಟೆಂಡರನ್ನು ಕರೆದರು. ಅವನು ಅಷ್ಟು ಹೊತ್ತಿಗೆ ಸುತ್ತಿಗೆಯನ್ನು ಮೊಳೆಗೆ ತೂಗುಹಾಕಿ ಚಹಾ ಕುಡಿಯಲು ಹೋಗಿದ್ದ.